ಮೋರಿಯವರೆಗೆ ಹೋದ ಊರು

ಷಾದ್‌ನಗರದ ಆಚೆ ಒಂದು ವೆಂಚರ್‌ನಲ್ಲಿ (ಅಲ್ಲಿ ಲೇಔಟಿಗೆ ಹಾಗೆನ್ನುತ್ತಾರೆ) ನಾನು ಇನ್ನೂರು ಗಜದ ಪ್ಲಾಟು ಕೊಂಡ ದಿನದಿಂದ ನನ್ನ ಹೆಂಡತಿ ಅದನ್ನು ‘ನಿಮ್ಮ ಸಾಮ್ರಾಜ್ಯ’ ಎನ್ನುತ್ತಾಳೆ. ಕೊಂಡಿದ್ದೇನೋ ಆಯಿತು. ಆದರೆ ಭಾನುವಾರ ಬಂತೆಂದರೆ ಅದು ಅಲ್ಲೇ ಇದೆಯೋ, ಯಾರಾದರೂ ಹೊತ್ತುಕೊಂಡು ಹೋದರೋ ಎಂಬ ಚಿಂತೆ ಶುರುವಾಗುತ್ತದೆ. ಕೂಕಟ್‌ಪಲ್ಲಿಯಿಂದ ಬೈಕ್ ಹತ್ತಿ, ಹೈದರಾಬಾದನ್ನೆಲ್ಲ ದಾಟಿ, ನಾಲ್ಕು ಗಡಿಕಲ್ಲುಗಳ ನಡುವೆ ನಿಂತು, ಮೊಣಕಾಲುದ್ದ ಬೆಳೆದ ಹುಲ್ಲನ್ನು ನೋಡಿ ಸಮಾಧಾನದಿಂದ ವಾಪಸಾಗುತ್ತೇನೆ. ಇಷ್ಟೇ ನನ್ನ ಜಮೀನ್ದಾರಿಕೆ. ಅದರಿಂದ ಈವರೆಗೆ ನನಗೆ ಆದ ಲಾಭ ಹಂಪಮ್ಮನ ಪರಿಚಯ ಒಂದೇ.

ಒಂದು ದಿನ ನನ್ನ ಸಾಮ್ರಾಜ್ಯದಲ್ಲಿ ಮೇಕೆಯೊಂದು ಆರಾಮಾಗಿ ಮೇಯುತ್ತಿತ್ತು. ಅದನ್ನು ಓಡಿಸುತ್ತ ಬಾಯಿಗೆ ಬಂದದ್ದನ್ನು ಅಂದೆ. ಹಿಂದಿನಿಂದ ಒಂದು ದನಿ ಬಂತು.

“ಅಣ್ಣಾರ, ಕನ್ನಡದಾಗ ಬೈದ್ರ ಅದಕ್ಕ ಭಾಳ ಚಂದ ತಿಳೀತೈತ್ರಿ. ನಮ್ಮ ಮ್ಯಾಕಿ ಅದು. ಯಾವೂರ್ರಿ ನಿಮ್ದು?”

ಬಿಸಿಲಿಗೆ ಕಪ್ಪಾದ ಮುಖ, ತಲೆಗೆ ಟವೆಲ್ ಸುತ್ತಿದ ನಡುವಯಸ್ಸಿನ ಹೆಂಗಸು. ಮೈಸೂರು ಎಂದೆ. ಮೈಸೂರು ಎಂದ ಕೂಡಲೇ ಅರಮನೆ ನೋಡಿದ್ದೀರಾ ಎಂದು ಎಲ್ಲರೂ ಕೇಳುತ್ತಾರೆ. ಈಕೆ ಕೇಳಿದ್ದು, “ಅಲ್ಲಿ ನಿಮ್ಮ ಮನಿ ಐತೇನ್ರಿ, ಹೋದ್ರ ಯಾರರ ಬಾಗಲಾ ತೆಗೀತಾರೇನ್ರಿ?” ಅಂತ. ವಿಚಿತ್ರ ಹೆಂಗಸು ಅಂದುಕೊಂಡೆ. ನಿಮ್ಮದು ಯಾವೂರು ಎಂದು ನಾನೂ ಕೇಳಿದೆ. ಆಕೆ ನಕ್ಕು, ಮೇಕೆಯ ಹಗ್ಗ ಹಿಡಿದು ಇಳಿಜಾರಿನ ಕಡೆ ನಡೆದಳು.

ಇಳಿಜಾರಿನ ಕೆಳಗೆ ಮೂವತ್ತೋ ನಲವತ್ತೋ ಮನೆಗಳಿವೆ. ಹಿಂದೊಮ್ಮೆ ಅಲ್ಲಿ ಕಲ್ಲು ಪುಡಿ ಮಾಡುವ ಕ್ರಷರ್ ಇತ್ತು. ಯಾದಗಿರಿ, ಸುರಪುರ, ಲಿಂಗಸುಗೂರು ಕಡೆಯಿಂದ ಕೂಲಿಗೆ ಬಂದವರು ಅದರ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡರು. ಕ್ರಷರ್ ಮುಚ್ಚಿತು. ಮಾಲೀಕ ಯಂತ್ರಗಳನ್ನು ಬಿಚ್ಚಿಕೊಂಡು ಹೋದ, ಜನರನ್ನು ಅಲ್ಲೇ ಬಿಟ್ಟ. ಅವರು ಗಾರೆ ಕೆಲಸ ಹಿಡಿದರು, ನನ್ನಂಥವರ ವೆಂಚರ್‌ಗಳಿಗೆ ಕಾಂಪೌಂಡು ಕಟ್ಟಿದರು. ವರ್ಷ ಕಳೆದಂತೆ ತಗಡಿನ ಜಾಗದಲ್ಲಿ ಇಟ್ಟಿಗೆ ಗೋಡೆ ಬಂತು. ಆದರೆ ಅದು ಯಾವ ಊರು? ಎಡಗಡೆಯ ಪಂಚಾಯಿತಿಯವರನ್ನು ಕೇಳಿದರೆ ಬಲಗಡೆಯವರದ್ದು ಅನ್ನುತ್ತಾರೆ, ಬಲಗಡೆಯವರು ಎಡಕ್ಕೆ ಕೈ ತೋರಿಸುತ್ತಾರೆ. ಚುನಾವಣೆ ಬಂದಾಗ ಮಾತ್ರ ಇಬ್ಬರಿಗೂ ಅದರ ಮೇಲೆ ಎಲ್ಲಿಲ್ಲದ ಪ್ರೀತಿ. ಅಲ್ಲಿ ಇರುವವರು ಕೂಡ ಅದನ್ನು ಊರು ಎನ್ನುತ್ತಿರಲಿಲ್ಲ, ‘ಶೆಡ್ಡು’ ಎನ್ನುತ್ತಿದ್ದರು. ಊರೆಂದರೆ ಅವರಿಗೆ ಹಿಂದೆ ಬಿಟ್ಟುಬಂದ ಊರು. ಪಂಚಮಿ ಬರಲಿ, ಮೊಹರಂ ಬರಲಿ, ಗಂಟುಮೂಟೆ ಕಟ್ಟಿ ಬಸ್ ಹತ್ತುತ್ತಿದ್ದರು.

ಹೋಗದೆ ಉಳಿಯುತ್ತಿದ್ದವರು ಹಂಪಮ್ಮ ಮತ್ತು ಆಕೆಯ ಗಂಡ ಹುಸೇನಪ್ಪ. ಹುಸೇನಪ್ಪನಿಗೆ ಸುರಪುರದ ಹತ್ತಿರ ಅಣ್ಣನೊಬ್ಬ ಇದ್ದ. ಅಣ್ಣ ತೀರಿಕೊಂಡ ಮೇಲೆ ಆ ಬಾಗಿಲೂ ಮುಚ್ಚಿತು. ಹಂಪಮ್ಮನಿಗಂತೂ ಮೊದಲಿನಿಂದಲೇ ಯಾವ ಬಾಗಿಲೂ ಇರಲಿಲ್ಲ. ಆಕೆಯ ತಂದೆತಾಯಿ ಕಲ್ಲು ಒಡೆಯುತ್ತ ಖಣಿಯಿಂದ ಖಣಿಗೆ ಅಲೆದವರು.

“ನಮ್ಮವ್ವ ನನ್ನ ಒಂದು ಖಣಿ ದಂಡ್ಯಾಗ ಹಡದಾಳ್ರಿ,” ಎಂದು ಒಂದು ಭಾನುವಾರ ಚಹಾ ಕೊಡುತ್ತ ಹೇಳಿದಳು. “ಯಾವ ಖಣಿ ಅಂತ ಆಕಿಗೂ ನೆಪ್ಪಿಲ್ಲ. ಮದುವಿ ಆದಿಂದ ಎಲ್ಲಾ ಹೆಣ್ಮಕ್ಕಳು ತವರಿಗೆ ಹೋಗಿ ಬಂದು ಅಲ್ಲಿದು ಹೇಳಾವರು. ನಾ ಸುಮ್ನ ರೊಟ್ಟಿ ಬಡಕೋತ ಕುಂದರಾಕಿ.”

ಇದನ್ನು ಆಕೆ ಅಳುತ್ತ ಹೇಳಲಿಲ್ಲ. ಹಂಪಮ್ಮ ಅಳುವ ಪೈಕಿ ಅಲ್ಲ, ಜಗಳ ಆಡುವ ಪೈಕಿ. ಗಂಡನ ಜೊತೆ ಆಡಿ ಪ್ರಯೋಜನ ಇರಲಿಲ್ಲ. ಕ್ರಷರ್ ಸದ್ದಿಗೆ ಅರ್ಧ ಕಿವಿ ಕಳೆದುಕೊಂಡಿದ್ದ ಹುಸೇನಪ್ಪ, ಉಳಿದ ಅರ್ಧವನ್ನು ಹೆಂಡತಿಯ ಮಾತಿಗೆ ಸವೆಸಲು ತಯಾರಿರಲಿಲ್ಲ. ಹಾಗಾಗಿ ಟ್ಯಾಂಕರಿನವನು, ಸಿಮೆಂಟಿನವನು, ಮೇಸ್ತ್ರಿ, ಯಾರು ಸಿಕ್ಕಿದರೆ ಅವರ ಜೊತೆ ಆಡುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು, ಶೈಲಾ. ಅಲ್ಲೇ ಹುಟ್ಟಿ ಅಲ್ಲೇ ಬೆಳೆದವಳು. ನಾರಾಯಣಪೇಟೆಯ ಮಲ್ಲು ಎಂಬ ಹುಡುಗನಿಗೆ ಕೊಟ್ಟು ಮದುವೆ ಮಾಡಿದರು. ಗಡಿ ಸೀಮೆ, ಮನೆಯಲ್ಲಿ ಕನ್ನಡ, ಹೊರಗೆ ತೆಲುಗು. ಹುಡುಗ ಒಳ್ಳೆಯವನು, ಅವನ ತಾಯಿ ಸುಗಲಮ್ಮ ಕೆಟ್ಟವಳಲ್ಲ, ಆದರೆ ನೆಟ್ಟಗೆ ಮಾತಾಡುವವಳು. ನೆಟ್ಟಗೆ ಮಾತಾಡುವವರು ಒಳ್ಳೆಯವರಾದರೂ ಅವರ ಜೊತೆ ಬದುಕುವುದು ಸುಲಭವಲ್ಲ, ನಮ್ಮ ಮಾವನವರನ್ನು ನೋಡಿ ಈ ಮಾತು ಹೇಳುತ್ತಿದ್ದೇನೆ.

ಮದುವೆಯ ನಂತರದ ಮೊದಲ ಪಂಚಮಿಗೆ ಸುಗಲಮ್ಮ ತಾನೇ ಸೊಸೆಯನ್ನು ತವರಿಗೆ ಕರೆತಂದಳು. ಹಂಪಮ್ಮ ಉಂಡಿ ಕಟ್ಟಿ, ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಕಾದಿದ್ದಳು. ಬೇರೆ ಮನೆಗಳಿಗೆಲ್ಲ ಬೀಗ. ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗಿದ್ದರು. ಜೋಕಾಲಿ ತೂಗಲು ಒಬ್ಬ ಗೆಳತಿ ಇಲ್ಲ, ಉಂಡಿ ಹಂಚಲು ಒಂದು ಮನೆಯಿಲ್ಲ. ಸುಗಲಮ್ಮ ಓಣಿಯ ಈ ತುದಿಯಿಂದ ಆ ತುದಿಗೆ ನಡೆದು ನೋಡಿ ಬಂದಳು.

“ಇದೇನ್ ಊರೇನ್ರಿ ಬೀಗತ್ಯಾರ? ಹಬ್ಬದಾಗ ನನ್ನ ಸೊಸಿ ಬೀಗದ ಮಾರಿ ನೋಡಕೋತ ಕುಂದರಬೇಕೇನು?”

ಅದೇ ದಿನ ಸೊಸೆಯನ್ನು ವಾಪಸು ಕರೆದುಕೊಂಡು ಹೋದಳು. ಮುಂದಿನ ಪಂಚಮಿಗೆ ಕಳಿಸಲೇ ಇಲ್ಲ. ಅಷ್ಟರಲ್ಲಿ ಶೈಲಾ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದು ಪದ್ಧತಿ. ಹಂಪಮ್ಮ ಫೋನ್ ಮಾಡಿ ಕೇಳಿದಾಗ ಸುಗಲಮ್ಮ ನೆಟ್ಟಗೆ ಹೇಳಿದಳು: “ತವರು ಅಂದ್ರ ಊರು ಇರಬೇಕಲ್ರಿ. ಹೊತ್ತಲ್ಲದ ಹೊತ್ತಿನಾಗ ಬ್ಯಾನಿ ಬಂದ್ರ ಯಾರ ಮನಿ ಬಾಗಲಾ ಬಡೀತೀರಿ? ಇಲ್ಲೇ ಆಗ್ಲಿ ಬಿಡ್ರಿ.”

ಆ ಭಾನುವಾರ ನಾನು ಹೋದಾಗ ಹಂಪಮ್ಮ ನನ್ನ ಜೊತೆ ಕೂಡ ಜಗಳ ಆಡಲಿಲ್ಲ. ನನಗೆ ಕಸಿವಿಸಿಯಾಯಿತು.

“ಆಕಿ ಅಂದಿದ್ದು ಖರೆ ಐತ್ರಿ ಅಣ್ಣಾರ,” ಎಂದಳು. “ಅದಕ ಸಿಟ್ಟು ಬರಾಕತ್ತೈತಿ. ನನಗಂತೂ ತವರಿಲ್ಲ. ಮಗಳಿಗೂ ಇಲ್ಲಂದ್ರ ನಾ ಇಷ್ಟು ವರ್ಷ ಇಲ್ಲಿ ಏನ್ ಮಾಡಿದೆ?”

ದಾರಿ ತೋರಿಸಿದವನು ಯಾದಯ್ಯ. ಪಕ್ಕದ ಹಳ್ಳಿಯ ಮುದುಕ, ಆ ಇಳಿಜಾರಿನಲ್ಲಿ ಕುರಿ ಮೇಯಿಸುವವನು. ಹಂಪಮ್ಮನ ಜಗಳಗಳಿಗೆ ಹಳೆಯ ಜೊತೆಗಾರ. ಎಲ್ಲ ಕೇಳಿಸಿಕೊಂಡು ತೆಲುಗಿನಲ್ಲಿ ಅವನು ಕೇಳಿದ್ದು ಒಂದೇ ಮಾತು: “ಬೊಡ್ರಾಯಿ ಲೇಕುಂಟ ಊರೆಟ್ಲ ಅಯಿತದಮ್ಮಾ?” ಬೊಡ್ರಾಯಿ ಇಲ್ಲದೆ ಊರು ಹೇಗಾದೀತು?

ತೆಲಂಗಾಣದ ಹಳ್ಳಿಗಳ ನಡುಮಧ್ಯೆ ಮೊಣಕಾಲೆತ್ತರದ ಕಲ್ಲೊಂದು ಇರುತ್ತದೆ. ಅದೇ ಬೊಡ್ರಾಯಿ, ಊರಿನ ಹೊಕ್ಕುಳು. ಅದನ್ನು ನೆಡುವ ದಿನ ಊರಿನ ಸುತ್ತ ದಾರ ಕಟ್ಟಿ ಗಡಿ ಮುಚ್ಚುತ್ತಾರೆ. ಆ ಊರಲ್ಲಿ ಹುಟ್ಟಿ ಬೇರೆ ಕಡೆ ಸೇರಿದ ಹೆಣ್ಣುಮಕ್ಕಳೆಲ್ಲ ಬಂದು ಕಲ್ಲಿನ ಮೇಲೆ ಒಂದೊಂದು ಬಿಂದಿಗೆ ನೀರು ಹಾಕಬೇಕು. ಕರೆದ ಮೇಲೆ ಅತ್ತೆಮನೆಯವರು ಕಳಿಸದಿದ್ದರೆ ಕಳಿಸದ ಮನೆಗೇ ಕೇಡು ಎಂದು ನಂಬಿಕೆ. ಈ ಕೊನೆಯ ಮಾತು ಕೇಳಿದ್ದೇ ತಡ ಹಂಪಮ್ಮನ ಕಣ್ಣು ಅರಳಿತು.

ಮನೆಮನೆಗೆ ಹೋದಳು. “ನಮ್ಮೂರಾಗ ನಮ್ಮ ಕಲ್ಲು ಐತಿ, ಇಲ್ಲ್ಯಾಕ ಬೇಕವಾ?” ಎಂದವರಿಗೆ, “ನಿಮ್ಮ ಮಕ್ಕಳು ಎಲ್ಲಿ ಹುಟ್ಟ್ಯಾವು? ಅವು ಆ ಊರಿಗೆ ಹೋದ್ರ ಮೂರನೇ ದಿನಕ್ಕ ಶೆಡ್ಡಿಗೆ ಹೋಗೂಣು ಅಂತಾವೋ ಇಲ್ಲೋ?” ಎಂದು ಕೇಳಿದಳು. ಎಲ್ಲರ ಮನೆಯಲ್ಲೂ ಅದೇ ಕಥೆ. ಪಂಚಾಯಿತಿಯವರ ಅಪ್ಪಣೆ ಬೇಡವೇ ಎಂದು ಒಬ್ಬ ಕೇಳಿದ. ಇಬ್ಬರೂ ತಮ್ಮದಲ್ಲ ಅಂದ ಜಾಗಕ್ಕೆ ಯಾರ ಅಪ್ಪಣೆ ಎಂದು ಅವನ ಬಾಯಿ ಮುಚ್ಚಿಸಿದಳು. ಹುಸೇನಪ್ಪ ಯಾರೂ ಕಿವಿಯಲ್ಲಿ ಕೂಗದೆಯೇ ಹಳೆಯ ಖಣಿಗೆ ಹೋಗಿ ಕರಿಕಲ್ಲು ಆರಿಸಿ ತಂದು ಕೆತ್ತಲು ಕುಳಿತ. ಕೇಳಿಸುವುದಿಲ್ಲ ಎನ್ನುವುದೆಲ್ಲ ನಾಟಕ ಎಂದು ನನಗೆ ಅಂದೇ ಗೊತ್ತಾದದ್ದು.

ಬೇಸಿಗೆಯ ಒಂದು ಭಾನುವಾರ ಗೊತ್ತಾಯಿತು. ಹಂಪಮ್ಮ ನಾರಾಯಣಪೇಟೆಗೆ ಫೋನ್ ಹಚ್ಚಿ, ಬೊಡ್ರಾಯಿಗೆ ಮಗಳನ್ನು ಕಳಿಸಿ, ಹಬ್ಬದ ದಿನ ಮುಂಜಾನೆ ಬನ್ನಿ ಎಂದಳು. ಆ ಸೀಮೆಯವಳಾದ ಸುಗಲಮ್ಮನಿಗೆ, ಬೊಡ್ರಾಯಿಗೆ ಕರೆದರೆ ಕಳಿಸದೆ ಇರಬಾರದು ಎಂದಷ್ಟು ಗೊತ್ತಿತ್ತು. ಇಲ್ಲ ಎನ್ನುವ ಧೈರ್ಯ ಆಗಲಿಲ್ಲ.

“ನಾನೇ ಕರ್ಕೊಂಡು ಬರ್ತೀನಿ. ಎಂಥಾ ಊರು ಮಾಡೀರಿ ನೋಡೂಣಂತ. ಮನಸಿಗೆ ಬಂದ್ರ ಬಿಟ್ಟು ಬರ್ತೀನಿ, ಇಲ್ಲಂದ್ರ ನನ್ನ ಸೊಸಿ ನನ್ನ ಸಂಗಾಟ ಹೊಳ್ಳಿ ಬರ್ತಾಳ.”

ಹೋಳಿಗೆಯ ಆಸೆಗೆ ನಾನು ಶನಿವಾರ ಸಂಜೆಯೇ ಹೋಗಿದ್ದೆ. ಓಣಿ ಗುರುತು ಸಿಗದಂತೆ ಆಗಿತ್ತು. ಬಾಗಿಲುಗಳಿಗೆ ತೋರಣ, ಅಂಗಳಕ್ಕೆ ಸಗಣಿ ಸಾರಣೆ, ಎಲ್ಲ ಮನೆಗಳಲ್ಲೂ ಜನ. ಹತ್ತಿರದಲ್ಲಿ ಮದುವೆಯಾಗಿದ್ದ ನಾಲ್ಕಾರು ಹೆಣ್ಣುಮಕ್ಕಳು ಆಗಲೇ ಬಂದಿದ್ದರು. ಬೆಳಗಾಗುವ ಹೊತ್ತಿಗೆ ಗಂಡಸರು ಗಡಿ ಕಟ್ಟಲು ಹೊರಟರು. ಗಾರೆಯವರ ಊರು ತಾನೇ, ಗೋಡೆ ನೇರ ಬರಲಿ ಎಂದು ಹಿಡಿಯುವ ನೈಲಾನ್ ದಾರವನ್ನೇ ತಂದಿದ್ದರು. ಅದಕ್ಕೆ ಅರಿಸಿನ ಹಿಡಿಯಲೊಲ್ಲದು. ಕೊನೆಗೆ ಗಟ್ಟಿಯಾಗಿ ಕಲಸಿ ಮೆತ್ತಿದರು. ಗೂಟ ಹೊಡೆಯುತ್ತ, ಬೇವಿನ ಸೊಪ್ಪು ಸಿಕ್ಕಿಸುತ್ತ ಮನೆಗಳ ಸುತ್ತ ಬಂದು, ದಾರವನ್ನು ಮೊದಲ ಗೂಟಕ್ಕೇ ತಂದು ಕೂಡಿಸಿದರು. ಗಾರೆಯವರು ಆ ದಾರವನ್ನು ಎಂದೂ ಕತ್ತರಿಸುವುದಿಲ್ಲ. ನಾಳೆಯ ಗೋಡೆ ಎಷ್ಟು ಉದ್ದವೋ ಯಾರಿಗೆ ಗೊತ್ತು? ಉಳಿದದ್ದನ್ನು ಕೋಲಿಗೆ ಸುತ್ತಿ ಅಲ್ಲೇ ಗೂಟಕ್ಕೆ ಕಟ್ಟಿಟ್ಟರು.

ಆಗ ಯಾದಯ್ಯ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದ: ಗಡಿ ಕಟ್ಟಾಯಿತು. ಇನ್ನು ನಾಳೆ ಬೆಳಗಾಗುವ ತನಕ ಹೊರಗಿನವರು ಒಳಗೆ ಬರುವ ಹಾಗಿಲ್ಲ, ಒಳಗಿನವರು ಹೊರಗೆ ಹೋಗುವ ಹಾಗಿಲ್ಲ.

ಸೋಮವಾರ ಬೆಳಿಗ್ಗೆ ಮಾದಾಪುರದಲ್ಲಿ ನನಗೆ ಮೀಟಿಂಗ್ ಇತ್ತು. ನಾನು ನನ್ನ ಸಂಕಟದಲ್ಲಿದ್ದೆ. ಪಕ್ಕದಲ್ಲಿ ಹಂಪಮ್ಮ ಕುಸಿದು ಕೂತದ್ದು ಆಮೇಲೆ ಕಂಡಿತು.

“ಶೈಲಾ ಬಂದಿಲ್ಲಲ್ರಿ,” ಎಂದಳು.

ಅವರ ಕಡೆ ಹಬ್ಬಕ್ಕೆ ಬರುವವರು ಹಬ್ಬದ ದಿನ ಬೆಳಿಗ್ಗೆಯೇ ಬರುವುದು. ಅಡುಗೆ ಆಗುವ ಹೊತ್ತಿಗೆ ಬಸ್ಸಿಳಿದರೆ ಸರಿ. ಹಂಪಮ್ಮ ಅದೇ ಲೆಕ್ಕದಲ್ಲಿ ಕರೆದಿದ್ದಳು. ಗಡಿ ಮುಚ್ಚುವ ಮೊದಲೇ ಹೆಣ್ಣುಮಕ್ಕಳು ಒಳಗಿರಬೇಕು ಎಂದು ಯಾದಯ್ಯ ಹೇಳಿರಲಿಲ್ಲ, ಅಷ್ಟು ಗೊತ್ತಿಲ್ಲದವರು ಇರುತ್ತಾರೆ ಎಂದು ಅವನಿಗೆ ಹೊಳೆದಿರಲಿಲ್ಲ. ಬೊಡ್ರಾಯಿ ನೆಡುವುದನ್ನು ಆ ಓಣಿಯಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ಫೋನ್ ಮಾಡಿದರೆ ಮಹಬೂಬ್‌ನಗರ ದಾಟಿದ್ದೇವೆ ಎಂದಳು ಶೈಲಾ. ದನಿಯಲ್ಲಿ ಅಷ್ಟು ಖುಷಿ ಇತ್ತು, ಗಡಿ ಮುಚ್ಚಿದ್ದನ್ನು ಹಂಪಮ್ಮ ಹೇಳಲೇ ಇಲ್ಲ.

ಬಿಸಿಲೇರುವ ಹೊತ್ತಿಗೆ ಮೇಲಿನ ರಸ್ತೆಯಲ್ಲಿ ಬಸ್ಸು ನಿಂತಿತು. ಇಬ್ಬರು ಇಳಿದರು. ಶೈಲಾ ತುಂಬುಬಸುರಿ, ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ನೀರಿನ ಬಿಂದಿಗೆ. ಹಿಂದೆ ದೊಡ್ಡ ಚೀಲ ಹೊತ್ತ ಸುಗಲಮ್ಮ. ಇಳಿಜಾರು ಇಳಿದು ದಾರದ ಹತ್ತಿರ ಬಂದಾಗ, ಹಬ್ಬಕ್ಕೆ ಕರೆಸಿದ್ದ ಡೊಳ್ಳಿನವರು ಕೈಯೆತ್ತಿ ತಡೆದರು. ದಾರದ ಆಚೆ ಮಗಳು, ಈಚೆ ತಾಯಿ. ಹಂಪಮ್ಮ ತಪ್ಪು ತನ್ನದೇ ಎಂದು ತಡವರಿಸುತ್ತ ಹೇಳಿದಳು. ಶೈಲಾ ಬಿಂದಿಗೆ ಕೆಳಗಿಟ್ಟು ಅವ್ವನ ಮುಖ ನೋಡುತ್ತ ನಿಂತಳು.

“ಹೋದ ಸಲ ಬಂದ್ರ ಬೀಗ ಹಾಕಿದ್ರಿ, ಈ ಸಲ ಹಗ್ಗ ಕಟ್ಟೀರಿ,” ಎಂದಳು ಸುಗಲಮ್ಮ. “ಭಾಳ ಚಂದ ಊರು ಬೀಗತ್ಯಾರ ನಿಮ್ದು. ನಡಿ ಶೈಲಾ.” ಸೊಸೆಯ ಕೈ ಹಿಡಿದು ವಾಪಸು ಹತ್ತಿ, ರಸ್ತೆಯ ಮೋರಿಕಟ್ಟೆಯ ಮೇಲೆ ಬಂದು ಕೂತಳು. ಮಹಬೂಬ್‌ನಗರದ ಕಡೆಯ ಬಸ್ಸು ಬರುವುದು ಇನ್ನು ಸ್ವಲ್ಪ ಹೊತ್ತಿನ ಮಾತು.

ಒಳಗೆ ಗದ್ದಲವೆದ್ದಿತು. ದಾರ ಬಿಚ್ಚೋಣ ಎಂದರು ಕೆಲವರು. ಬಿಚ್ಚಿದರೆ ಎಲ್ಲವೂ ಕೆಟ್ಟಿತು, ಊರಿಗೇ ಅಪಶಕುನ ಎಂದ ಯಾದಯ್ಯ. ಅವನ ಮುಖವೂ ಸಣ್ಣದಾಗಿತ್ತು. ದೂರದಲ್ಲಿ ಆ ಹುಡುಗಿ ಬಿಸಿಲಿಗೆ ಸೆರಗು ಹೊದ್ದು ಕೂತಿದ್ದು ಕಾಣುತ್ತಿತ್ತು.

ಹಂಪಮ್ಮ ದಾರವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಗಂಡನ ಕಿವಿಯ ಹತ್ತಿರ ಹೋಗಿ ಕೂಗಿದಳು.

“ಗೋಡಿ ಉದ್ದ ಆಗಬೇಕಂತ ಮಾಲೀಕ ಅಂದ್ರ ಏನ್ ಮಾಡ್ತೀರಿ?”

“ದಾರ ಮುಂದಕ್ಕ ಜಗ್ಗತೀವಿ,” ಎಂದ ಹುಸೇನಪ್ಪ.

“ಹಂಗಾರ ಜಗ್ಗರಿ!” ಎಂದಳು ಹಂಪಮ್ಮ. “ಆಕಿ ಊರೊಳಗ ಬರೂ ಹಂಗಿಲ್ಲಂದ್ರ ಬ್ಯಾಡ. ಊರೇ ಆಕಿ ಕಡೆ ಹೋಗ್ಲಿ! ಈ ಊರಿನ ಗಡಿ ಇಲ್ಲೇ ಅಂತ ಯಾರು ಹೇಳ್ಯಾರ? ಇವತ್ತು ಮುಂಜಾನಿ ನಾವೇ ಹೊಡದ ಗೂಟ ಅಲ್ಲೇನ್ರಿ?”

ಎಲ್ಲರೂ ಯಾದಯ್ಯನ ಕಡೆ ತಿರುಗಿದರು. ಮುದುಕ ಗಡ್ಡ ಕೆರೆದುಕೊಂಡ. ಬೇರೆ ಯಾವ ಊರಿನಲ್ಲೂ ಇದು ಆಗುವ ಮಾತಲ್ಲ. ಅಲ್ಲಿ ಗಡಿ ಎಲ್ಲಿದೆ ಎಂದು ತಾತ ಮುತ್ತಾತಂದಿರ ಕಾಲದಿಂದ ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೆ ಗೊತ್ತಿದೆ? ಅವನ ಬೊಚ್ಚುಬಾಯಲ್ಲಿ ನಿಧಾನವಾಗಿ ನಗು ಬಂತು. “ಊರು ಪೆರಿಗಿತೆ ತಪ್ಪೇಂದಿ?” ಎಂದ. ಊರು ಬೆಳೆದರೆ ತಪ್ಪೇನು?

ಆಮೇಲೆ ನಡೆದದ್ದನ್ನು ಬರೆದು ಹೇಳುವುದು ಕಷ್ಟ. ಕೋಲಿಗೆ ಸುತ್ತಿದ್ದ ದಾರ ಬಿಡುತ್ತ ಹೋದರು. ಗಂಡಸರು ರಸ್ತೆಯ ಕಡೆಯ ಗೂಟಗಳನ್ನು ಕಿತ್ತು ಕೈಯಲ್ಲಿ ಹಿಡಿದರು. ಹೆಂಗಸರು, ಮಕ್ಕಳು ದಾರ ನೆಲಕ್ಕೆ ತಾಗದಂತೆ ಎತ್ತಿಕೊಂಡರು. ಡೊಳ್ಳು ಮುಂದೆ, ಊರು ಹಿಂದೆ. ಆ ಇಡೀ ಊರು ತನ್ನ ಗಡಿಯನ್ನು ತಾನೇ ಹೊತ್ತುಕೊಂಡು ಇಳಿಜಾರು ಹತ್ತಿತು. ನನ್ನ ಇನ್ನೂರು ಗಜವೂ ದಾರಿಯಲ್ಲಿ ಒಳಗೆ ಸೇರಿತು, ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಒಂದು ಗೂಟ ಹಿಡಿದು ಓಡುತ್ತಿದ್ದೆ.

ಮೋರಿಯ ಹತ್ತಿರ ಬಂದಾಗ ಸುಗಲಮ್ಮ ಗಾಬರಿಯಾಗಿ ಎದ್ದಳು.

“ನಿಂತಲ್ಲೇ ನಿಲ್ರಿ ಬೀಗತ್ಯಾರ, ಕಾಲು ಎತ್ತಬ್ಯಾಡ್ರಿ,” ಎಂದು ಕೂಗಿದಳು ಹಂಪಮ್ಮ. “ನೀವು ನಮ್ಮೂರಿಗೆ ಬರೂದು ಬ್ಯಾಡ. ನಮ್ಮೂರು ನಿಮ್ಮಲ್ಲಿಗೆ ಬಂದೈತಿ.”

ದಾರವನ್ನು ಇಬ್ಬರ ತಲೆಯ ಮೇಲೆ ಎತ್ತಿ ದಾಟಿಸಿ, ಬೆನ್ನ ಹಿಂದೆ ಇಳಿಸಿ, ಮೋರಿಯ ಆಚೆ ಗೂಟ ಹೊಡೆದರು. ದಾರದ ಒಣಗಿದ ಅರಿಸಿನ ಶೈಲಾಳ ಬೈತಲೆಗೂ ಸುಗಲಮ್ಮನ ನೆರೆಗೂದಲಿಗೂ ಉದುರಿತು. ಅಷ್ಟರಲ್ಲಿ ಮಹಬೂಬ್‌ನಗರದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ನೋಡಿದ. ಸುಗಲಮ್ಮ ಅವನನ್ನು ನೋಡಿದಳು, ದಾರ ನೋಡಿದಳು, ಸುತ್ತ ಬೆವರಿ ನಿಂತ ಅಷ್ಟೂ ಜನರನ್ನು ನೋಡಿದಳು.

“ಹೋಗ್ರಿ, ಹೋಗ್ರಿ,” ಎಂದು ಕೈಯಾಡಿಸಿದಳು. “ಗಡಿ ಕಟ್ಯಾರ. ಈಗ ಹೊರಗ ಬರೂ ಹಂಗಿಲ್ಲ.”

ಮಧ್ಯಾಹ್ನ ಕಲ್ಲು ನೆಟ್ಟರು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ನೀರು ಹಾಕಿದರು. ಶೈಲಾ ಕೊನೆಯವಳು. ಅರ್ಧ ಬಿಂದಿಗೆ ಹಾಕಿ ನಿಲ್ಲಿಸಿದಳು. ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದ ಹಂಪಮ್ಮನ ಹತ್ತಿರ ಹೋಗಿ ಬಿಂದಿಗೆ ಚಾಚಿದಳು.

“ಉಳದಿದ್ದು ನೀ ಹಾಕವ್ವ.”

“ಹುಚ್ಚಿ, ಹೆಣ್ಮಕ್ಕಳು ಹಾಕೂದದು. ನಾ ಈ ಊರಿನ ಮಗಳೇನ?”

“ಮತ್ತ ಯಾವ ಊರಿನ ಮಗಳು ನೀ?” ಎಂದಳು ಶೈಲಾ.

ಹಂಪಮ್ಮ ಸುತ್ತ ನಿಂತವರ ಕಡೆ ನೋಡಿದಳು. ಯಾರೂ ಬೇಡ ಅನ್ನಲಿಲ್ಲ. ನೆಟ್ಟಗೆ ಮಾತಾಡುವ ಸುಗಲಮ್ಮನೇ ಹಿಂದಿನಿಂದ ಆಕೆಯ ಬೆನ್ನು ನೂಕಿದಳು. “ಹೋಗ್ರಿ ಬೀಗತ್ಯಾರ, ಮಂದಿ ಕಾಯಾಕತ್ತೈತಿ.” ಹಂಪಮ್ಮ ಎರಡೂ ಕೈಯಲ್ಲಿ ಬಿಂದಿಗೆ ಹಿಡಿದು ನೀರು ಹಾಕಿದಳು. ಅರ್ಧ ಕಲ್ಲಿನ ಮೇಲೆ ಬಿತ್ತು, ಅರ್ಧ ತನ್ನ ಸೀರೆಯ ಮೇಲೆ. ಅಳುವ ಪೈಕಿ ಅಲ್ಲ ಎಂದಿದ್ದೆನಲ್ಲ, ಆ ಮಾತು ವಾಪಸು ತೆಗೆದುಕೊಳ್ಳುತ್ತೇನೆ.

ಮರುದಿನ ಬೆಳಿಗ್ಗೆ ದಾರ ಬಿಚ್ಚಿದ ಮೇಲೆ ನಾನು ಬೈಕ್ ತಳ್ಳಿಕೊಂಡು ರಸ್ತೆಗೆ ಬಂದೆ. ಮೋರಿಯ ಹತ್ತಿರ ಸುಗಲಮ್ಮ ಬಸ್ಸಿಗೆ ಕಾಯುತ್ತಿದ್ದಳು, ಬರಿಗೈಯಲ್ಲಿ. ಸೊಸೆಯನ್ನೂ ದೊಡ್ಡ ಚೀಲವನ್ನೂ ಹಂಪಮ್ಮನ ಮನೆಯಲ್ಲೇ ಬಿಟ್ಟಿದ್ದಳು. ಅದರಲ್ಲಿ ಬಾಣಂತನಕ್ಕೆಂದು ಹಳೆಯ ಮೆತ್ತನೆ ಸೀರೆಗಳು, ಕೂಸಿನ ಕುಂಚಿಗೆ, ಒಂದು ಡಬ್ಬಿ ತುಪ್ಪ ಇದ್ದವಂತೆ. ನಾರಾಯಣಪೇಟೆಯಿಂದ ಹೊರಡುವಾಗಲೇ ಕಟ್ಟಿಕೊಂಡು ಬಂದಿದ್ದಳು.